ಪರದೇಶದ ಕಾಯಿಪಲ್ಯ

ಶ್ರಾದ್ಧದ ಅಡುಗೆ ಎಂದರೆ ನರಗುಂದದ ಬ್ರಾಹ್ಮಣರ ಓಣಿಗೆ ವೆಂಕೂಬಾಯಿಯೇ ಆಗಬೇಕು. ಯಾರ ಮನೆಯ ಹಿರಿಯರ ತಿಥಿಯೇ ಇರಲಿ, ನಸುಕಿಗೇ ಮಡಿಯುಟ್ಟು ಅವರ ಒಲೆಯ ಮುಂದೆ ಕೂತಿರುತ್ತಿದ್ದಳು. ಪಿತೃಗಳ ಎಲೆಗೆ ಪರದೇಶದಿಂದ ಬಂದದ್ದು ನಡೆಯದು. ಮೆಣಸಿನಕಾಯಿ ಬೇಡ, ಕರಿಮೆಣಸು ಸಾಕು. ಆಲೂಗಡ್ಡೆ, ಅಂದರೆ ನಮ್ಮ ಬಟಾಟಿ, ಒಲೆಯ ಹತ್ತಿರವೂ ಸುಳಿಯಬಾರದು. ಉಳಿದ ದಿನ ಅದನ್ನೇ ಕೈ ನೆಕ್ಕಿಕೊಂಡು ತಿನ್ನುವ ರಾಯರುಗಳು ಆ ದಿನ ಮಾತ್ರ ಅದರ ಹೆಸರೂ ಎತ್ತುತ್ತಿರಲಿಲ್ಲ.

ಅದು ಯಾವ ಪರದೇಶ ಎಂದು ಆಕೆಗೆ ತಿಳಿಸಿದವನು ಮಗ ದತ್ತಾತ್ರೇಯ. ಮೆಟ್ರಿಕ್ ಓದುವಾಗ ಇತಿಹಾಸದ ಪಾಠವನ್ನು ಅವ್ವನಿಗೂ ಹೇಳುತ್ತಿದ್ದ. ಯುರೋಪಿನವರು ಹಡಗು ಹತ್ತಿ ಅಮೆರಿಕಕ್ಕೆ ಹೋದರು, ಜೊತೆಗೆ ಪಾದ್ರಿಗಳೂ ಹೋದರು. ಅಲ್ಲಿಯವರ ನೆಲ ಹೋಯಿತು, ಗುಡಿಗಳು ಬಿದ್ದವು. ಅವರ ಹೊಲದ ಬಟಾಟಿ, ಮೆಣಸಿನಕಾಯಿ, ಶೇಂಗಾ ಹಡಗಿನಲ್ಲಿ ಇತ್ತ ಬಂದವು.

"ಹೆದರಿಸಿ ಧರ್ಮ ಬಿಡಿಸಿದರೇನೋ?" ಎಂದು ಕೇಳಿದ್ದಳು ವೆಂಕೂಬಾಯಿ.

"ಹೌದವ್ವಾ. ಒಲ್ಲೆ ಅಂದವರನ್ನ ಕೊಂದರು."

ದತ್ತಾತ್ರೇಯನನ್ನು ಯಾರೂ ಹೆದರಿಸಲಿಲ್ಲ. ಒಂದು ಮಿಶನ್ ದವಾಖಾನೆಯಲ್ಲಿ ಕಂಪೌಂಡರ್ ಆದವನು ತಾನಾಗಿಯೇ ಕ್ರಿಸ್ತನ ಮತ ಸೇರಿದ. ಓಣಿ ಅವನಿಗೆ ಬಾಗಿಲು ಹಾಕಿತು. ಐವತ್ತನಾಲ್ಕನೆಯ ಇಸವಿಯ ಭಾದ್ರಪದದಲ್ಲಿ ವಿಷಮಜ್ವರದಿಂದ ಸತ್ತಾಗ ಮಿಶನ್ನಿನವರೇ ಮಣ್ಣು ಮಾಡಿದರು. ವರ್ಷದ ತಿಥಿಗೆಂದು ವೆಂಕೂಬಾಯಿ ಪುರೋಹಿತರ ಕಟ್ಟೆಗೆ ಹೋಗಿ ನಿಂತಳು.

"ಧರ್ಮ ಬಿಟ್ಟಾಂವಗ ಶ್ರಾದ್ಧ ಎಲ್ಲಿದ್ರಿ?" ಎಂದರು ಅವರು.

ಆಕೆ ಅಳಲಿಲ್ಲ. ಅಳು ಬರಲೇ ಇಲ್ಲ. ಎಂದಿನಂತೆ ನೀರು ಸೇದಿದಳು, ಕರೆದವರ ಮನೆಗೆ ಹೋದಳು, ಬೇಯಿಸಿದಳು. ಊರವರ ಅಪ್ಪಂದಿರಿಗೆಲ್ಲ ಬಡಿಸುವ ಕೈ ಮಗನಿಗೆ ಒಂದು ಎಲೆ ಹಾಕಲಾರದು ಎಂಬುದೊಂದೇ ಒಳಗೆ ಕಲ್ಲಾಗಿ ಕೂತಿತ್ತು.

ವಕೀಲ ಶ್ರೀನಿವಾಸರಾಯರ ತಂದೆಯದೂ ಅದೇ ತಿಥಿ. ಮರುವರ್ಷ ಅವರ ಮನೆಯಲ್ಲಿ ಎಲೆಗೆ ಕೂತ ಆಚಾರ್ಯರೊಬ್ಬರು ಬಾಳೆಕಾಯಿ ಪಲ್ಯ ಬಾಯಿಗಿಟ್ಟು ಥಟ್ಟನೆ ಕೈ ತಡೆದರು.

"ರಾಯರ, ಇದರಾಗ ಬಟಾಟಿ ಅದ."

ಶ್ರಾದ್ಧ ಕೆಟ್ಟಿತು. ರಾಯರು ಮುಖ ಬಿಳಿಚಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. ಕೆಟ್ಟ ಮನುಷ್ಯರಲ್ಲ, ದನಿ ಏರಿಸಲಿಲ್ಲ.

"ವೆಂಕೂಬಾಯಾರ, ವಯಸ್ಸಾತು, ಕಣ್ಣು ಕಾಣಲಿಲ್ಲ. ಬಾಳೆಕಾಯಿ ಅಂತ ತಿಳಕೊಂಡು ಹೆಚ್ಚೀರಿ. ಹೌದಲ್ರೀ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪ್ರಾಯಶ್ಚಿತ್ತ ಮಾಡಿಕೊಂಡು, ಮುಂದಿನ ತಿಥಿಗೂ ಆಕೆಯನ್ನೇ ಕರೆಯುತ್ತಿದ್ದರು. ಆ ಒಲೆಗಳ ಹೊರತು ಆಕೆಗೆ ಬೇರೆ ಅನ್ನವಿರಲಿಲ್ಲ. ಅದು ರಾಯರಿಗೂ ಗೊತ್ತಿತ್ತು, ಅದಕ್ಕೇ ಹಾಗೆ ಕೇಳಿದ್ದರು.

ವೆಂಕೂಬಾಯಿ ಒಲೆಯೊಳಗಿನ ಕಟ್ಟಿಗೆ ಹಿಂದಕ್ಕೆ ಎಳೆದಳು. ಎದ್ದು ನಿಂತಳು.

"ಇಲ್ರಿ. ಕಣ್ಣು ಚಲೋ ಅವ. ಇವತ್ತ ನನ್ನ ದತ್ತೂಂದೂ ತಿಥಿರಿ. ಅವಗ ಬಟಾಟಿ ಭಾಳ ಸೇರತಿತ್ತು."