ಬಾಯಿ ಕಟ್ಟಿದ ವಾರ್ನಿಂಗುಗಳು

ಆ ಸಿಟ್ಟು ಇನ್ನೂ ಇಳಿದಿಲ್ಲ. ಬೆಟಗೇರಿಯ ಸಣ್ಣ ಸಾಫ್ಟ್‌ವೇರ್ ಆಫೀಸಿಗೆ ಸೇರಿದ ಮೊದಲ ವಾರವೇ ಒಂದು ದೊಡ್ಡ ಹಳೇ ಕೋಡನ್ನು ನನ್ನ ತಲೆಗೆ ಕಟ್ಟಿದರು. ಗದಗಿನ ಒಂದು ರಕ್ತಪರೀಕ್ಷೆಯ ಲ್ಯಾಬಿನದು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಅದರ ಸೆಂಟರುಗಳಿದ್ದವು. ರಕ್ತ ಅಲ್ಲಿಂದ ಗದಗಿಗೆ ಬರುತ್ತಿತ್ತು, ರಿಪೋರ್ಟು ನೆಟ್‌ನಲ್ಲಿ ವಾಪಸು ಹೋಗಿ ಅಲ್ಲೇ ಪ್ರಿಂಟಾಗುತ್ತಿತ್ತು. ಆ ಕಾಗದ ನೋಡಿಯೇ ಜನ ಗುಳಿಗೆ ನುಂಗುವುದು, ಬಿಡುವುದು.

ಸೆಂಟರುಗಳ ಕಂಪ್ಯೂಟರು ದಿನಾ ಮಧ್ಯಾಹ್ನ ಹ್ಯಾಂಗ್ ಆಗುತ್ತಿತ್ತು. ನಮ್ಮವರು ಹೇಳಿಕೊಟ್ಟಿದ್ದ ಮದ್ದು ಒಂದೇ: "ಬಂದ್ ಮಾಡಿ ಚಾಲೂ ಮಾಡ್ರಿ." ಮುಂಡರಗಿಯವರಂತೂ ಊಟಕ್ಕೆ ಏಳುವ ಮುಂಚೆ ತಾವಾಗಿಯೇ ಬಂದ್ ಮಾಡಿಟ್ಟು ಹೋಗುತ್ತಿದ್ದರು.

ಬರೆದ ಕೋಡನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸುವ ಕಂಪೈಲರ್, ಅನುಮಾನ ಬಂದಲ್ಲೆಲ್ಲ ವಾರ್ನಿಂಗ್ ಕೊಡುತ್ತದೆ. ಇಲ್ಲಿ ಒಂದೂ ಇರಲಿಲ್ಲ. ಇಷ್ಟು ದೊಡ್ಡ ಕೋಡಿಗೆ ಒಂದೂ ಇಲ್ಲವೆಂದರೆ? ಹುಡುಕಿದರೆ, ಯಾರೋ ಪುಣ್ಯಾತ್ಮ ವಾರ್ನಿಂಗ್ ತೋರಿಸಲೇಬೇಡ ಎಂದು ಒಂದು ಸಾಲು ಬರೆದು ಅದರ ಬಾಯಿ ಕಟ್ಟಿದ್ದ. ಆ ಸಾಲು ಅಳಿಸಿದ್ದೇ ತಡ, ಸಾವಿರಗಟ್ಟಲೆ ವಾರ್ನಿಂಗ್ ದಬದಬ ಸುರಿದವು. ಮಗ್ಗದಲ್ಲಿ ಒಂದು ಎಳೆ ಹರಿದರೂ ನಮ್ಮಪ್ಪ ನಿಲ್ಲಿಸಿ ಗಂಟು ಹಾಕಿಯೇ ಮುಂದೆ ನೇಯುವವನು. ಇವರು ಹರಿದದ್ದು ಕಾಣಬಾರದೆಂದು ಲೈಟೇ ಆರಿಸಿದ್ದರು! ನನಗೆ ಮೈಯೆಲ್ಲ ಉರಿಯಿತು.

"ಇದ್ಯಾಕ್ರಿ ಸರ್ ಹಿಂಗ?" ಎಂದು ಮಾಲಕರನ್ನು ಕೇಳಿದೆ.

"ನಡ್ಯಾಕತ್ತೈತಿ ಹೌದಿಲ್ಲೋ? ನಡಿಯೂದನ್ನ ಯಾಕ ಕೆದರ್ತಿಯವಾ?"

ಕೆದರಿದೆ. ಒಂದೊಂದೇ ವಾರ್ನಿಂಗ್ ಸರಿಪಡಿಸುತ್ತ ಮೂರನೇ ವಾರಕ್ಕೆ ಸಾಕೆಟ್ಟಿನ ಕೋಡು ಮುಟ್ಟಿದೆ. ಸಾಕೆಟ್ ಅಂದರೆ ಎರಡು ಕಂಪ್ಯೂಟರುಗಳ ನಡುವಿನ ದಾರಿ ಎಂದುಕೊಳ್ಳಿ. ಪ್ರತಿ ರಿಪೋರ್ಟಿಗೂ ಹೊಸದು ತೆರೆಯುತ್ತಿದ್ದರು, ಒಂದನ್ನೂ ಮುಚ್ಚುತ್ತಿರಲಿಲ್ಲ. ಹ್ಯಾಂಗ್ ಆಗದೆ ಇನ್ನೇನಾದೀತು? ಅದು ಹಾಳಾಗಿ ಹೋಗಲಿ. ಅಲ್ಲೇ ಇನ್ನೊಂದು ವಾರ್ನಿಂಗ್ ಇತ್ತು: ಎಷ್ಟು ಬಂತೆಂದು ನೀವು ನೋಡಿಯೇ ಇಲ್ಲ. ರಿಪೋರ್ಟು ಒಮ್ಮೊಮ್ಮೆ ಎರಡು ತುಂಡಾಗಿ ಬರುತ್ತದೆ. ನಮ್ಮ ಕೋಡು ಮೊದಲ ತುಂಡನ್ನೇ ಪೂರ್ತಿ ಎಂದು ತಿಳಿದು ಪ್ರಿಂಟಿಗೆ ಕಳಿಸುತ್ತಿತ್ತು. ಉಳಿದ ಜಾಗದಲ್ಲಿ ಹಿಂದಿನವರ ರಿಪೋರ್ಟು ಹಾಗೇ ಕುಳಿತಿರುತ್ತಿತ್ತು. ಅಂದರೆ, ಹೆಸರು ಒಬ್ಬರದು, ಸಕ್ಕರೆಯ ಅಂಕಿ ಇನ್ನೊಬ್ಬರದು.

ಲ್ಯಾಬಿನ ದಾಖಲೆಗೂ ಸೆಂಟರುಗಳಲ್ಲಿ ಉಳಿದಿದ್ದ ಪ್ರತಿಗಳಿಗೂ ಎರಡು ದಿನ ಕೂತು ತಾಳೆ ನೋಡಿದೆ. ಏಳು ಜನರಿಗೆ ತಪ್ಪು ರಿಪೋರ್ಟು ಹೋಗಿತ್ತು. ಪಟ್ಟಿ ಹಿಡಿದು ಮಾಲಕರ ಮುಂದೆ ನಿಂತೆ.

"ಕೋಡ್ ರಿಪೇರಿ ಮಾಡಿದಿ ಹೌದಿಲ್ಲೋ? ಆತು ಬಿಡು," ಎಂದರು. "ಯಾರಿಗೂ ಫೋನ್ ಗೀನ್ ಮಾಡಬ್ಯಾಡ. ಲ್ಯಾಬಿನವರಿಗೆ ಖಬರ ಹತ್ತಿದ್ರ ನಮ್ಮ ಕೆಲಸಾನ ಹೋಗತೈತಿ."

"ಸಕ್ಕರಿ ಇದ್ದವರು ಇಲ್ಲಂತ ತಿಳ್ಕೊಂಡು ಕುಂತಾರ್ರಿ ಸರ್!"

"ಅವರೇನ ಸಣ್ಣ ಕೂಸೇನು? ಮತ್ತ ತಪಾಸಣಿ ಮಾಡಿಸ್ತಾರ ತಗೋ."

ಥೂ ನಿಮ್ಮ, ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ನುಂಗಬಾರದಿತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಪಟ್ಟಿಯನ್ನು ಲ್ಯಾಬಿನ ಡಾಕ್ಟರಿಗೆ ಕಳಿಸಿದೆ, ಕೆಲಸ ಹೋದರೆ ಹೋಗಲಿ ಎಂದು. ಅವರು ನೋಡುವತನಕ ಕಾಯುವ ತಾಳ್ಮೆಯೂ ಉಳಿದಿರಲಿಲ್ಲ. ಪಟ್ಟಿಯ ಮೊದಲ ನಂಬರಿಗೆ ನಾನೇ ಫೋನ್ ಹಚ್ಚಿದೆ. ಶಿರಹಟ್ಟಿ ಸೆಂಟರಿಗೆ ಬಂದಿದ್ದ, ಅಲ್ಲೇ ಹತ್ತಿರದ ಮಾಗಡಿ ಹಳ್ಳಿಯ ಹೆಂಗಸು.

"ಅಮ್ಮಾರ, ನಿಮ್ಮ ರಿಪೋರ್ಟು ತಪ್ಪು ಬಂದಿತ್ರಿ. ತಪ್ಪು ನಮ್ದು. ನಿಮಗ ಸಕ್ಕರಿ ಭಾಳ ಐತಿ. ಇವತ್ತ ದವಾಖಾನಿಗೆ ಹೋಗ್ರಿ."

ಆಚೆಯಿಂದ ದನಿ ಬಂತು. "ಸಕ್ಕರಿ ಇಲ್ಲಂತ ಬರದಿದ್ರಲ್ಲವಾ. ಅವತ್ತ ಗುಳಗಿ ಬಿಟ್ಟೆ. ಕಾಲಾಗಿನ ಹುಣ್ಣು ಮಾಯಲೇ ಇಲ್ಲ. ಬರಿಗಾಲಿಲೆ ಹೊಲಕ್ಕ ಹೋಗ್ತಿ, ನಿಂದ ತಪ್ಪು ಅಂತ ಮನಿಮಂದೆಲ್ಲ ಬೈದ್ರು. ಹೋದ ತಿಂಗಳ ಎರಡು ಬೆರಳು ತಗದ್ರು, ಸಕ್ಕರಿ ಐತಂತ ಅವಾಗ ಗೊತ್ತಾತು."

ನಾನು ಅಳತೊಡಗಿದೆ. ತಪ್ಪಾತ್ರಿ, ತಪ್ಪಾತ್ರಿ ಎಂದು ಅದನ್ನೇ ಅನ್ನುತ್ತಿದ್ದೆ.

"ಹಿಂಗ ತಪ್ಪು ಹೋಗಿದ್ದು ನಂದೊಂದನ?" ಎಂದು ಕೇಳಿದಳು.

"ಇಲ್ರಿ. ಇನ್ನ ಆರು ಮಂದಿ ಅದಾರ."

"ಮತ್ತ ನನ್ನ ಜೋಡಿ ಅಳಕೋತ ಏನ್ ಕುಂತಿ?" ಎಂದು ಗದರಿದಳು. "ಅವರಿಗೆ ಹಚ್ಚು ಮೊದಲ!"