ಮಾರಾಟಕ್ಕಿಲ್ಲದ ಸೈಟಿನಲ್ಲಿ ಐದು ಕಲ್ಲು

ಮೂರು ವರ್ಷದ ಹಿಂದಿನ ನನ್ನ ಡೈರಿಯಲ್ಲಿ ಎಳ್ಳ ಅಮಾವಾಸ್ಯೆಯ ಬಗ್ಗೆ ಇರುವುದು ಇಷ್ಟೇ: ‘ಚರಗ ಆಯಿತು. ಕಡುಬು ಸಾಲಲಿಲ್ಲ. ಅವ್ವ ಖುಷಿ. ನನಗೆ ತಲೆನೋವು.’ ಈ ನಾಲ್ಕು ವಾಕ್ಯಗಳ ಹಿಂದಿನ ಹಾಳೆ ಹರಿದುಹೋಗಿದೆ. ಹೊಲಿಗೆಯ ಹತ್ತಿರ ಅದರ ಅಂಚು ಮಾತ್ರ ಉಳಿದಿದೆ.

ಈ ಪ್ರಸಂಗವನ್ನು ನೆಂಟರ ಮದುವೆಗಳಲ್ಲಿ, ಆಫೀಸಿನ ಊಟದ ಹೊತ್ತಿನಲ್ಲಿ ನಾನು ಲೆಕ್ಕವಿಲ್ಲದಷ್ಟು ಸಲ ಹೇಳಿದ್ದೇನೆ. ಪ್ರತಿ ಸಲವೂ, ಅಂದು ಜಗಳಕ್ಕೆ ಬಂದ ಹೆಂಗಸಿನ ಕೈಯಲ್ಲಿದ್ದ ಕೋಲು ಗೇಣುದ್ದ ಬೆಳೆದಿದೆ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ಕಣ್ಣಾರೆ ಕಂಡವರ ಮಾತನ್ನೂ ಎರಡು ಸಲ ತೂಗಿ ನೋಡಬೇಕೆಂದು ನಮಗೆ ಕಲಿಸಿದ್ದರು. ಆ ಕಣ್ಣು ನಮ್ಮದೇ ಆಗಿದ್ದರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ. ಹಾಗಾಗಿ ನನ್ನ ತಮ್ಮ ಎಲ್ಲಿ ಒಪ್ಪುವುದಿಲ್ಲವೋ ಅಲ್ಲಿ ಅವನು ಒಪ್ಪುವುದಿಲ್ಲ ಎಂದು ಹೇಳಿಯೇ ಮುಂದೆ ಹೋಗುತ್ತೇನೆ.

ನಮ್ಮದು ಬಾಗಲಕೋಟೆ ಕಡೆಯ ಮನೆತನ. ಬಿಳಿಜೋಳ ತೆನೆ ಕಟ್ಟುವ ಕಾಲಕ್ಕೆ ಎಳ್ಳ ಅಮಾವಾಸ್ಯೆ ಬರುತ್ತದೆ. ಅಂದು ಹೊಲಕ್ಕೆ ಬುತ್ತಿ ಒಯ್ಯುತ್ತಾರೆ. ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಸಾಲಾಗಿ ಕೂರಿಸಿ ಪೂಜಿಸುತ್ತಾರೆ. ಅವರ ಹಿಂದೆ, ಮರೆಯಲ್ಲಿ, ಸುಣ್ಣವಿಲ್ಲದ ಆರನೆಯ ಕಲ್ಲೊಂದಿರುತ್ತದೆ. ಅದು ಕಳ್ಳ. ಕದಿಯುವವನಿಗೂ ಒಂದು ತುತ್ತು ಇಟ್ಟರೆ ಬೆಳೆ ಉಳಿಯುತ್ತದೆ ಎಂಬುದು ನಮ್ಮ ಮನೆಯ ನಂಬಿಕೆ. ಆಮೇಲೆ ತಂದ ಅಡುಗೆಯನ್ನು ಹೊಲದ ನಾಲ್ಕೂ ಬದಿಗೆ ಚೆಲ್ಲಿ ಬಂದು ಎಲ್ಲರೂ ಉಣ್ಣಲು ಕೂರುತ್ತಾರೆ. ಇದೇ ಚರಗ. ಭೂಮಿತಾಯಿ ಈಗ ಬಸುರಿ, ಬಯಕೆಯ ಊಟ ಅವಳಿಗೆ ಮೊದಲು ಸಲ್ಲಬೇಕು.

ಮದುವೆಯಾಗಿ ಬಂದಾಗಿನಿಂದ ಅವ್ವ ಒಂದು ವರ್ಷವೂ ಚರಗ ತಪ್ಪಿಸಿರಲಿಲ್ಲ. ಅಪ್ಪ ತೀರಿಕೊಂಡು, ಕಗ್ಗದಾಸಪುರದ ನನ್ನ ಮನೆಗೆ ಬಂದ ಮೇಲೂ ಪ್ರತಿ ವರ್ಷ ರೈಲು ಹತ್ತಿ ಹೋಗಿ ಚಿಕ್ಕಪ್ಪನ ಹೊಲದಲ್ಲಿ ಚೆಲ್ಲಿ ಬರುತ್ತಿದ್ದಳು. ಆ ವರ್ಷ ಮಾತ್ರ ಮೊಣಕಾಲಿನ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು ಅಷ್ಟೇ. ರೈಲಿನ ಮಾತೇ ಬೇಡ ಎಂದರು ಡಾಕ್ಟರು. ಅವ್ವ ಮೂರು ದಿನ ಅನ್ನದ ತಟ್ಟೆಯ ಜೊತೆ ಮಾತ್ರ ಮಾತಾಡಿದಳು.

“ಒಂದು ವರ್ಷ ತಪ್ಪಿದರೆ ಏನಾಗುತ್ತವ್ವ?” ಎಂದೆ.

“ನೀ ಹೊಟ್ಟ್ಯಾಗಿದ್ದಾಗ ನಿಮ್ಮಜ್ಜಿ ನನಗ ಬಯಕಿ ಊಟ ಮಾಡೂದು ಮರತಿದ್ಲು. ನಲವತ್ತು ವರ್ಷ ಆತು, ನಾ ಇನ್ನೂ ಮರತಿಲ್ಲ. ಭೂಮ್ತಾಯಿ ಮರೀತಾಳನು?”

ನನ್ನ ತಮ್ಮ ಹೊಸ ತಿಪ್ಪಸಂದ್ರದಲ್ಲಿದ್ದಾನೆ, ಟೆಕ್ ಪಾರ್ಕಿನಲ್ಲಿ ಕೆಲಸ. ಅವನ ಬಾಯಲ್ಲೀಗ ಪೂರ್ತಿ ಬೆಂಗಳೂರಿನ ಕನ್ನಡ. ಅವನು ಬಂದವನೇ ಪರಿಹಾರ ಕೊಟ್ಟ. “ಬಾಲ್ಕನೀಲಿ ಎಂಟು ಪಾಟ್ ಇದೆಯಲ್ಲಕ್ಕ. ಮಣ್ಣು ಮಣ್ಣೇ ತಾನೆ. ಅಲ್ಲೇ ಚೆಲ್ಲಿದ್ರಾಯ್ತು.”

“ಕರಿಬೇವಿನ ಕುಂಡ್ಯಾಗ ಐದು ಮಂದಿ ಪಾಂಡವರು ಕುಂಡ್ರತಾರನು?” ಎಂದಳು ಅವ್ವ. “ಭೀಮ ಒಬ್ಬಂವಗ ಸಾಲಂಗಿಲ್ಲ.”

ಕೆರೆಯ ದಂಡೆಗೆ ಬೇಲಿ ಹಾಕಿದ್ದರು. ಪಾರ್ಕಿನಲ್ಲಿ ಹುಲ್ಲು ತುಳಿಯಬಾರದೆಂಬ ಫಲಕವಿತ್ತು. ಕೊನೆಗೆ ಜಾಗ ಹುಡುಕಿದವಳು ಅವ್ವನೇ. ಕಾಲಿಗೆ ಅಭ್ಯಾಸವಾಗಲೆಂದು ದಿನಾ ಬೆಳಿಗ್ಗೆ ನಮ್ಮ ರಸ್ತೆಯ ತುದಿಯವರೆಗೆ ವಾಕರ್ ಹಿಡಿದು ಹೋಗುತ್ತಿದ್ದಳಲ್ಲ, ಆ ತುದಿಯಲ್ಲೊಂದು ಖಾಲಿ ಸೈಟಿದೆ. ಎರಡು ಕಡೆ ನಾಲ್ಕಂತಸ್ತಿನ ಮನೆಗಳು, ನಡುವೆ ಯಾರೋ ಹಾಕಿದ ಅವರೆ ಗಿಡಗಳು. ಗೇಟಿಗೆ ಬೀಗವಿರಲಿಲ್ಲ. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ‘ಈ ಸೈಟು ಮಾರಾಟಕ್ಕಿಲ್ಲ’ ಎಂದು ಬರೆದು ಕೆಳಗೊಂದು ಫೋನ್ ನಂಬರ್ ಕೊಟ್ಟಿದ್ದರು.

“ನಾವೇನು ಕೊಳ್ಳಾಕ ಬಂದೀವೇನು?” ಎಂದಳು ಅವ್ವ. “ಅವರಿ ಹೂ ಬಿಟ್ಟೈತಿ. ಇದೂ ಹೊಲಾನ.”

ನಾನು ಆ ನಂಬರಿಗೆ ಎರಡು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಇದು ನನ್ನ ನೆನಪು. ನಾನು ಫೋನನ್ನು ಕೈಯಲ್ಲಿ ಹಿಡಿದು, ಬೋರ್ಡು ಓದಿ, ಫೋನನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡೆ ಎನ್ನುವುದು ತಮ್ಮನ ನೆನಪು.

ಅಮಾವಾಸ್ಯೆಯ ದಿನ ಹತ್ತು ಗಂಟೆಗೆ ನಾವು ಮೂವರೂ ಸೈಟಿನೊಳಗೆ ಹೋದೆವು. ಅವ್ವನಿಗೆಂದು ಪ್ಲಾಸ್ಟಿಕ್ ಕುರ್ಚಿ ಒಯ್ದಿದ್ದೆವು. ಡಬ್ಬಿಗಳಲ್ಲಿ ಸಜ್ಜೆ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಕಲ್ಲಿಗೆ ಬರವಿರಲಿಲ್ಲ, ಪಕ್ಕದ ಕಟ್ಟಡದವರು ಬಿಟ್ಟುಹೋದ ಜಲ್ಲಿ, ಕಾಂಕ್ರೀಟ್ ಚೂರುಗಳ ಗುಡ್ಡೆಯೇ ಇತ್ತು. ಅವ್ವ ಕುರ್ಚಿಯ ಮೇಲಿಂದಲೇ ಬೆರಳು ತೋರಿಸಿ ಐದನ್ನು ಆರಿಸಿದಳು. ತನ್ನ ಎಲೆ ಅಡಿಕೆಯ ಸಂಚಿಯಿಂದ ಸುಣ್ಣ ತೆಗೆದು ಒಂದೊಂದಕ್ಕೂ ಹಚ್ಚಿಸಿದಳು. ಐದೂ ಬಿಳಿ ಕಲ್ಲುಗಳನ್ನು ರಸ್ತೆಗೆ ಕಾಣುವಂತೆ ನೇರ ಸಾಲಿನಲ್ಲಿ ನೆಟ್ಟು ಅರಿಶಿಣ ಕುಂಕುಮ ಇಟ್ಟೆವು. ಕಳ್ಳನಿಗೂ ಒಂದು ಬೊಟ್ಟು ಕುಂಕುಮವಿಟ್ಟು ನನ್ನ ತಮ್ಮ ಅವನನ್ನು ಅವರೆ ಗಿಡಗಳ ಬುಡದಲ್ಲಿ ಅಡಗಿಸಿಟ್ಟ.

ಬೆಂಗಳೂರಿನಲ್ಲಿ ಖಾಲಿ ಸೈಟಿನೊಳಗೆ ಸುಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ನೆಟ್ಟರೆ ನೋಡಿದವರು ಏನೆಂದುಕೊಳ್ಳುತ್ತಾರೆ ಎಂಬುದು, ಇಪ್ಪತ್ತು ವರ್ಷ ಇದೇ ಊರಿನಲ್ಲಿದ್ದ ನನಗಾಗಲೀ ತಮ್ಮನಿಗಾಗಲೀ ಆ ಹೊತ್ತು ಹೊಳೆಯಲಿಲ್ಲ.

ಚರಗ ಚೆಲ್ಲುವಾಗ ಒಬ್ಬರು ‘ಹುಲ್ಲುಲ್ಲಿಗ್ಯೋ’ ಎಂದು ಕೂಗಿ ತುತ್ತು ಎಸೆಯಬೇಕು, ಹಿಂದಿನವರು ‘ಚಲ್ಲಾಂಬರಿಗ್ಯೋ’ ಎಂದು ನೀರು ಚಿಮುಕಿಸಬೇಕು. ಅರ್ಥ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ತಮ್ಮ ಒಂದು ಕಿವಿಯಲ್ಲಿ ಮೀಟಿಂಗ್ ಇಟ್ಟುಕೊಂಡು, ಮೆಲ್ಲಗೆ, ಬ್ಯಾಂಕಿನಲ್ಲಿ ಪಾಸ್‌ವರ್ಡ್ ಹೇಳುವವನಂತೆ ಕೂಗಿದ.

“ಏನ್ ಕದ್ದು ಬಂದಾವ್ರಂಗ ಕೂಗ್ತಿಯೋ? ಭೂಮ್ತಾಯಿಗೆ ಕೇಳಬ್ಯಾಡೇನು?” ಎಂದಳು ಅವ್ವ.

ಅವನು ಮೀಟಿಂಗ್ ತೆಗೆದು ಜೇಬಿಗೆ ಹಾಕಿ, ಎದೆ ತುಂಬ ಉಸಿರು ತೆಗೆದುಕೊಂಡು ಕೂಗಿದ. ನಾಲ್ಕಂತಸ್ತಿನ ಕಿಟಕಿಗಳೆಲ್ಲ ತೆರೆದವು. ಮೂರು ಬದಿ ಮುಗಿಸಿ ನಾಲ್ಕನೆಯದಕ್ಕೆ ತಿರುಗುವ ಹೊತ್ತಿಗೆ ಗೇಟು ದಢಾರನೆ ತೆರೆಯಿತು.

ಎಪ್ಪತ್ತರ ಹತ್ತಿರದ ಹೆಂಗಸು. ನೈಟಿ, ಹೆಗಲ ಮೇಲೆ ಟವೆಲ್ಲು, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕೋಲು. ಆ ಕೋಲು ಬಟ್ಟೆ ಒಣಹಾಕುವ ಕೋಲಿನಷ್ಟು ಉದ್ದವಿತ್ತೆಂದು ನಾನು ಹೇಳುತ್ತ ಬಂದಿದ್ದೇನೆ. ತಮ್ಮನ ಪ್ರಕಾರ ಅದು ಕೊಡೆ.

“ಯಾರಮ್ಮ ನೀವು? ಯಾರನ್ ಕೇಳಿ ಕಲ್ ನೆಟ್ರಿ?”

ಕಗ್ಗದಾಸಪುರ ಹಳ್ಳಿಯಾಗಿದ್ದಾಗಿನಿಂದ ಇರುವ ಮನೆತನದವರು, ಹಿಂದಿನ ಬೀದಿಯವರು, ಸೈಟಿನ ಒಡತಿ. ಎದುರು ಮನೆಯವರು ನಮ್ಮ ಪಾಂಡವರ ಫೋಟೊ ತೆಗೆದು ಅವರಿಗೆ ಕಳಿಸಿದ್ದರು.

ನಾನು ಮುಂದೆ ಹೋಗಿ ಸಮಾಧಾನವಾಗಿ ವಿವರಿಸಿದೆ. “ನೋಡಿ ಅಮ್ಮ, ಇದು ಉತ್ತರ ಕರ್ನಾಟಕದ ಒಂದು ಕೃಷಿ ಸಂಬಂಧಿ ಆಚರಣೆ...”

“ಆಚರಣೇನೇ ಮೊದ್ಲು ಬರೋದು,” ಎಂದರು ಅವರು. “ಇವತ್ತು ಕಲ್ಲು. ನಾಳೆ ಅರಿಶಿಣ ಕುಂಕುಮ. ಓ, ಅದೂ ಇಟ್ಬಿಟ್ಟಿದ್ದೀರ. ನಾಡಿದ್ದು ಮೇಲೊಂದು ಶೀಟು. ಆಮೇಲೆ ಹುಂಡಿ. ನಮ್ಮ ಮೈದುನನ ಜಾಗ ಹಂಗೇ ದೇವರಾಗೋಯ್ತು.”

“ಇದು ಟೆಂಪರರಿ ಆಂಟಿ,” ಎಂದ ತಮ್ಮ. “ಹತ್ತೇ ನಿಮಿಷ.”

“ಎಲ್ಲಾ ದೇವಸ್ಥಾನಾನೂ ಟೆಂಪರರಿ ಅಂತಾನೇ ಕಣಪ್ಪ ಶುರುವಾಗೋದು. ಮೊದ್ಲು ಕಿತ್ತಾಕಿ ಅವನ್ನ.”

ಊಟ ಮುಗಿಯದೆ ಪಾಂಡವರನ್ನು ಎಬ್ಬಿಸುವಂತಿಲ್ಲ. ನಾಲ್ಕನೆಯ ಬದಿಗೆ ಚೆಲ್ಲದೆ ಊಟ ಶುರುವಾಗುವಂತಿಲ್ಲ. ಮೂರು ಬದಿಗೆ ನಿಂತರೆ ಚರಗವೇ ಆದಂತಲ್ಲ. ಅವ್ವ ನನ್ನ ಮುಖ ನೋಡಿದಳು. ಆಪರೇಷನ್ನಿನ ಹಿಂದಿನ ದಿನವೂ ಅಷ್ಟು ಹೆದರಿದ್ದನ್ನು ನಾನು ಕಂಡಿರಲಿಲ್ಲ. ಇದನ್ನು ಮಾತ್ರ ನಾನು ಹೆಚ್ಚಿಸಿ ಹೇಳುತ್ತಿಲ್ಲ, ಅವ್ವ ಕುರ್ಚಿಯ ಕೈಯನ್ನು ಹಿಡಿದುಕೊಂಡಿದ್ದ ರೀತಿ ತಮ್ಮನಿಗೂ ನೆನಪಿದೆ. ಆಮೇಲೆ ಅವಳು ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದಳು.

“ಬರ್ರಿ ಅಕ್ಕಾರ. ಕುಂಡ್ರಿ. ಊಟಕ್ಕ ಬರ್ರಿ.”

“ನನ್ ಜಾಗದಲ್ಲಿ ನನ್ನೇ ಊಟಕ್ ಕರೀತೀರಲ್ರೀ.”

“ಮತ್ತ ಯಾರನ್ನ ಕರೀಲಿ? ಹೊಲ ನಿಮ್ಮದು. ಭೂಮ್ತಾಯಿ ಬಸುರಿ ಅದಾಳು, ಉಣಸಾಕ ಬಂದೀವಿ. ನನ್ನ ಕಾಲು ನೆಟ್ಟಗಿದ್ದಿದ್ರ ನಮ್ಮೂರಾಗ ಉಣಸ್ತಿದ್ದೆ, ನಿಮ್ಮ ತಂಟಿಗೆ ಬರ್ತಿದ್ದಿಲ್ಲ.”

ಅವರು ಅವ್ವನ ಮೊಣಕಾಲಿನ ಪಟ್ಟಿ ನೋಡಿದರು, ಡಬ್ಬಿಗಳನ್ನು ನೋಡಿದರು, ತಾವು ಹಾಕಿದ ಅವರೆ ಗಿಡಗಳನ್ನು ನೋಡಿದರು. “ಈ ಊರಲ್ಲಿ ಭೂಮಿತಾಯಿ ಬಸುರಿ ಆದ್ರೆ ಹೆರೋದು ಬಿಲ್ಡಿಂಗೇ,” ಎಂದರು. “ನಾನು ಅದಕ್ಕೇ ಅವರೆ ಹಾಕ್ತೀನಿ. ಏನೂ ಹಾಕ್ದಿದ್ರೆ ಖಾಲಿ ಅಂದ್ಕೋತಾರೆ.” ನೆಲ ತೋರಿಸಿ ಹೇಳಿದರು: “ಇದು ನಮ್ಮ ಮಾವನ ರಾಗಿ ಹೊಲ. ಕಣದಲ್ಲಿ ನಮ್ಮತ್ತೆ ಸಗಣಿ ಬೆನಕನ್ನ ಮಾಡಿ ಗರಿಕೆ ಸಿಕ್ಕಿಸೋರು. ಅವ್ರ ಬೆನಕ ಸಂಜೆಗೆ ಎದ್ದು ಹೋಗ್ತಿದ್ದ. ನಿಮ್ಮೋರು ಹೋಗ್ತಾರೋ ಇಲ್ವೋ, ನನಗೇನ್ ಗೊತ್ತು?”

“ಹೋಗ್ತಾರೆ,” ಎಂದೆ.

“ಹಂಗಾದ್ರೆ ಬರ್ದ್ ಕೊಡಿ.”

ಬ್ಯಾಗಿನಲ್ಲಿ ಕಾಗದವೆಂದರೆ ಡೈರಿಯೊಂದೇ. ಹಾಳೆ ಹರಿದು ಬರೆದೆ. ಬರೆದದ್ದು ನನಗೆ ಹೆಚ್ಚು ಕಡಿಮೆ ಬಾಯಿಪಾಠವಿದೆ: ‘ಈ ಸೈಟಿನ ಮೇಲೆ ನಮಗೆ ಯಾವ ಹಕ್ಕೂ ಇಲ್ಲ, ಮುಂದೆಯೂ ಇರುವುದಿಲ್ಲ. ಇಲ್ಲಿ ಇಟ್ಟಿರುವ ಐದು ಕಲ್ಲುಗಳು ಗಡಿಕಲ್ಲುಗಳಲ್ಲ, ಪಾಂಡವರು. ಊಟವಾದ ಕೂಡಲೇ ತೆಗೆದುಕೊಂಡು ಹೋಗುತ್ತೇವೆ.’ ಓದಿ ಹೇಳಿದೆ.

“ಪಾಂಡವರು ಅನ್ನೋದೇ ಡೌಟು,” ಎಂದರು ಅವರು. “ಐದೇ ಐದು ಊರು ಕೊಟ್ರೆ ಸಾಕು ಅಂದೋರಲ್ವ ಅವ್ರು? ಆಮೇಲೆ ಏನಾಯ್ತು ನೋಡಿ.”

ತಮ್ಮ ಸಾಕ್ಷಿ ಹಾಕಿದ. ಕಾಗದ ನಾಲ್ಕು ಮಡಿಕೆಯಾಗಿ ನೈಟಿಯ ಜೇಬು ಸೇರಿತು. ಅವನು ನಾಲ್ಕನೆಯ ಬದಿಗೆ ಹೊರಡುತ್ತಿದ್ದಂತೆ ಅವರು ಕೋಲನ್ನೋ ಕೊಡೆಯನ್ನೋ ಅಡ್ಡ ಹಿಡಿದರು.

“ನಿಂತ್ಕೊಳಪ್ಪ. ನಾಲ್ಕೂ ಕಡೆ ನೀವೇ ಸುತ್ತಿದ್ರೆ ನಾಳೆ ನಮ್ದೇ ಅಂತೀರ. ಈ ಕಡೆ ನಾನ್ ಚೆಲ್ತೀನಿ.”

ಟವೆಲ್ಲನ್ನು ಸೊಂಟಕ್ಕೆ ಬಿಗಿದು, ಡಬ್ಬಿ ಇಸಕೊಂಡು, ಗೋಡೆಯುದ್ದಕ್ಕೂ ಚೆಲ್ಲುತ್ತ ಹೋದರು. ನಮ್ಮ ಕೂಗು ಬರದೆ ಅವರದೇ ಏನನ್ನೋ ಕೂಗಿದರು. ಎತ್ತು ಹೊಡೆಯುವ ಕೂಗು ಎಂದು ಆಮೇಲೆ ಹೇಳಿದರು. ಆ ಕೂಗಿಗೆ ಕಿಟಕಿಯವರೆಲ್ಲ ಒಳಗೆ ಹೋದರು. ಅವ್ವ ಕುರ್ಚಿಯಲ್ಲೇ ಮುಂದಕ್ಕೆ ಬಾಗಿ, “ಇನ್ನಷ್ಟು ದೂರ ಒಗೀರಿ ಅಕ್ಕಾರ, ಮೂಲಿಗೆ, ಮೂಲಿಗೆ,” ಎನ್ನುತ್ತಿದ್ದಳು. ನನ್ನ ಕಡೆ ತಿರುಗಿ ಪಿಸುಮಾತಿನಲ್ಲಿ, “ಖರೇ ಅಂದ್ರ ಹೊಲದ ಒಡತೀನ ತನ್ನ ಕೈಲೆ ಚೆಲ್ಲಬೇಕು. ಇಷ್ಟು ವರ್ಷ ನಿಮ್ಮ ಚಿಕ್ಕಪ್ಪನ ಹೊಲದಾಗ ನಾ ಚೆಲ್ಲಿದ್ದ ತಪ್ಪು,” ಎಂದಳು.

ಅವರು ಒಂದು ಕಡುಬು ರುಚಿ ನೋಡುತ್ತೇನೆಂದು ಕೂತರು. ಮಗನಿಗೆ, ಸೊಸೆಗೆ, ಫೋಟೊ ಕಳಿಸಿದ ಎದುರು ಮನೆಯವರಿಗೆ ಫೋನ್ ಮಾಡಿದರು. ‘ಕಡುಬು ಸಾಲಲಿಲ್ಲ’ ಎಂಬ ಡೈರಿಯ ವಾಕ್ಯಕ್ಕೆ ಅರ್ಥ ಇದು. ಕೊನೆಗೆ ಐದೂ ಕಲ್ಲುಗಳನ್ನು ಅವರೆದುರೇ ಎಣಿಸಿ ತಮ್ಮನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ತುಂಬಿಕೊಂಡು ಮನೆಗೆ ಬಂದೆವು.

ಮುಂದಿನ ಭಾನುವಾರ ಬಾಗಿಲು ಬಡಿದ ಸದ್ದಾಯಿತು. ಅವರೇ. ಈ ಸಲ ರೇಷ್ಮೆ ಅಂಚಿನ ಸೀರೆ. ಒಂದು ಕೈಯಲ್ಲಿ ಅವರೆಕಾಯಿಯ ಚೀಲ, ಇನ್ನೊಂದರಲ್ಲಿ ನನ್ನ ಡೈರಿಯ ಹಾಳೆ. ಅದನ್ನು ಸೈಟಿನ ಪತ್ರಗಳ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರು.

“ಕಾಗದದಲ್ಲಿ ಐದು ಅಂತ ಬರ್ದಿದ್ದೀರ. ಅವರೆ ಬುಡದಲ್ಲಿ ಇನ್ನೊಂದಿದೆ, ಕುಂಕುಮ ಹಚ್ಚಿದ್ದು. ಅದ್ಯಾರು?”

“ಅಂವ ಕಳ್ಳರೀ,” ಎಂದಳು ಅವ್ವ. “ಅಂವನ್ನ ಎಣಿಕ್ಯಾಗ ಹಿಡಿಯಂಗಿಲ್ಲ.”

“ನನ್ ಸೈಟಲ್ಲಿ ಕಳ್ಳನ್ನೇ ಬಿಟ್ಟು ಬಂದಿದ್ದೀರ. ತಿದ್ದಿ ಕೊಡಮ್ಮ.”

ನಾನು ಕಾಗದ ತೆಗೆದುಕೊಂಡೆ. ನನಗೆ ಬಾಯಿಪಾಠವಿದ್ದ ಮೂರು ವಾಕ್ಯಗಳ ಕೆಳಗೆ, ನನ್ನದೇ ಅಕ್ಷರದಲ್ಲಿ, ನನಗೆ ನೆನಪೇ ಇಲ್ಲದ, ಅಂದು ಓದಿ ಹೇಳಿದ ಮೇಲೆ ಸೇರಿಸಿರಬೇಕಾದ ನಾಲ್ಕನೆಯದೊಂದಿತ್ತು: ‘ಅನುಮತಿಗಾಗಿ ಎರಡು ಸಲ ಫೋನ್ ಮಾಡಿದೆವು, ಯಾರೂ ಎತ್ತಲಿಲ್ಲ.’ ಲಿಖಿತ ದಾಖಲೆ. ನನಗೆ ಒಂದು ಕ್ಷಣ ಬಹಳ ಸಂತೋಷವಾಯಿತು. ತಮ್ಮನಿಗೆ ತೋರಿಸಲು ಫೋಟೊ ತೆಗೆಯಬೇಕೆಂದಿದ್ದೆ.

“ಅದೊಂದು ಸುಳ್ಳು,” ಎಂದರು ಅವರು, ನಾನು ಎಲ್ಲಿ ಓದುತ್ತಿದ್ದೇನೆಂದು ನೋಡಿ. “ಆ ನಂಬರ್ ನನ್ದೇ. ದಿನಾ ಬ್ರೋಕರ್‌ಗಳು ಮಾಡ್ತಾರೆ, ಎಲ್ಲರ ಹತ್ರಾನೂ ಜಗಳ ಆಡ್ತೀನಿ. ಒಂದು ಫೋನೂ ಎತ್ತದೆ ಬಿಟ್ಟೋಳಲ್ಲ ನಾನು.”

ನಾನು ಆ ಸಾಲನ್ನು ಹೊಡೆದುಹಾಕಿದೆ. ಕೇಳಿದರೆ ಬೇಡ ಎನ್ನುತ್ತಾರೆಂದು ಹೆದರಿ ಫೋನನ್ನು ಬ್ಯಾಗಿಗೆ ಹಾಕಿಕೊಂಡಿರಬೇಕು. ಹಾಗೆ ಹಾಕಿಕೊಂಡದ್ದು ಈಗಲೂ ನೆನಪಾಗುವುದಿಲ್ಲ, ಆ ಎರಡು ಕರೆಗಳು ಮಾತ್ರ ಇವತ್ತಿಗೂ ಕಿವಿಯಲ್ಲಿ ರಿಂಗಾಗುತ್ತವೆ. ‘ಐದು’ ಎಂಬುದನ್ನು ‘ಆರು’ ಮಾಡಿ, ಪಕ್ಕದಲ್ಲಿ ಸಹಿ ಹಾಕಿ, ಆ ಕಲ್ಲನ್ನು ತಂದಿದ್ದರೆ ಕೊಡಿ ಎಂದೆ.

“ನಾನ್ಯಾಕ್ ಹೊತ್ಕೊಂಡ್ ಬರ್ಲಿ? ಅಲ್ಲೇ ಬಿದ್ದಿದೆ,” ಎಂದು ಅವರು ಕಾಗದವನ್ನು ಕವರಿಗೆ ಸೇರಿಸಿದರು. “ಮುಂದಿನ ವರ್ಷ ಬರ್ತೀರಲ್ಲ, ಆವಾಗ ನೀವೇ ಎತ್ಕೊಂಡ್ ಹೋಗಿ. ಕಡುಬು ಜಾಸ್ತಿ ಮಾಡ್ಕೊಂಡ್ ಬನ್ನಿ.”

ಅವ್ವ ಆಗಲೇ ಅವರೆಕಾಯಿಯ ಚೀಲವನ್ನು ಮಡಿಲಿಗೆ ಎಳೆದುಕೊಂಡು ಸುಲಿಯಲು ಶುರುಮಾಡಿದ್ದಳು.