ನಿಮ್ಮವರು ಯಾರು?

ಲಾಂಡ್ರಿ ಅಕ್ಕನಿಗೆ ಮಲದಲ್ಲಿ ರಕ್ತ ಹೋಗುತ್ತಿದ್ದುದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಪಾಯಿಖಾನೆ ತೊಳೆಯುತ್ತಿದ್ದವಳು ಅವಳೇ. ಒಳಬಟ್ಟೆಗೆ ತಗುಲಿದ್ದನ್ನೂ ಕಲೆ ಕೂರುವ ಮೊದಲೇ ತಣ್ಣೀರಿನಲ್ಲಿ ತೆಗೆದುಬಿಡುತ್ತಿದ್ದಳು. ಹಗಲೆಲ್ಲ ಹೋಟೆಲಿನ ಹಾಸುಹೊದಿಕೆ ಒಗೆಯುವ ಕೈಗೆ ಅದೇನು ಮಹಾ.

ಕೇರಿಗೆ ಅವಳು ಲಾಂಡ್ರಿ ಅಕ್ಕ. ಅತ್ತೆಗೆ ಮಾತ್ರ ‘ಆಚೆಯವಳು’. ಬೇರೆ ಜನಾಂಗದಿಂದ ಬಂದ ಸೊಸೆ. ಉಪ್ಪು ಹೆಚ್ಚಾದರೆ “ಅವರ ಕಡೆ ನಾಲಿಗೆಯೇ ಹಾಗೆ.” ಬಟ್ಟಲು ಒಡೆದರೆ “ಅವರ ಕಡೆ ಕೈಯೇ ಹಾಗೆ.” ಏನಾದರೂ ಸರಿಯಾಗಿ ಆದರೆ ಅದು ಈ ಮನೆ ಕಲಿಸಿದ್ದು.

ಇಸ್ತ್ರಿ ಮೇಜಿನ ಪಕ್ಕ ಕುಸಿದ ದಿನ ಆಸ್ಪತ್ರೆಗೆ ಸೇರಿಸಿದರು. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್, ಯಕೃತ್ತಿಗೂ ಹಬ್ಬಿತ್ತು. ಡಾಕ್ಟರಮ್ಮ ಗಂಡನನ್ನೂ ಅತ್ತೆಯನ್ನೂ ಹಾಸಿಗೆಯ ಬಳಿ ಕೂರಿಸಿಕೊಂಡು ಹೇಳಿದಳು:

“ಕೆಲವರ ಗೆಡ್ಡೆಯಲ್ಲಿ ಒಂದು ಜೀನು, ಎರಡಿರಬೇಕಾದ ಕಡೆ ಇಪ್ಪತ್ತು ಮೂವತ್ತು ಪ್ರತಿ ಆಗಿ ಕೂತಿರುತ್ತೆ. ಹಾಗಿದ್ರೆ ಅದಕ್ಕೇ ಅಂತ ಒಂದು ಔಷಧಿ ಇದೆ. ಯಾವ ಜನಾಂಗದಲ್ಲಿ ಎಷ್ಟು ಮಂದಿಗೆ ಹೀಗಾಗುತ್ತೆ ಅಂತ ಇಲ್ಲಿ ಅಧ್ಯಯನ ನಡೀತಿದೆ. ಅದಕ್ಕೆ ಸೇರಿದ್ರೆ ಪರೀಕ್ಷೆ, ಔಷಧಿ ಎರಡೂ ಇಲ್ಲೇ ಸಿಗುತ್ತೆ. ಇವರು ಯಾವ ಜನ?”

“ನಮ್ಮವಳೇ,” ಎಂದ ಗಂಡ.

“ಮದುವೆ ಆದ್ಮೇಲೆ ಹೆಂಗಸಿಗೆ ಇನ್ಯಾವ ಜನ ಇರುತ್ತೆ, ಹೇಳಿ?” ಎಂದಳು ಅತ್ತೆ. ನಾಲ್ಕು ಜನರೆದುರು ಮನೆತನ ಬಿಟ್ಟುಕೊಡಬಾರದಲ್ಲ.

“ಹಾಗಾದ್ರೆ ಆಗಲ್ಲ. ನಿಮ್ಮ ಜನ ಆಗಲೇ ಬೇಕಾದಷ್ಟು ಸೇರಿದಾರೆ.”

ಲಾಂಡ್ರಿ ಅಕ್ಕ ಮಲಗಿದಲ್ಲಿಂದಲೇ ಬಾಯಿಬಿಟ್ಟಳು. “ನಾನು ಇವರವಳಲ್ಲ ಡಾಕ್ಟ್ರೇ. ನಮ್ಮಪ್ಪ, ಅಮ್ಮ ಬೇರೆ ಜನ.” ತವರಿನವರ ಜನಾಂಗದ ಹೆಸರು ಹೇಳಿದಳು. ಗಂಡನ ಮನೆಗೆ ಬಂದಮೇಲೆ ಆ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು.

ಆ ಜನ ಅಧ್ಯಯನಕ್ಕೆ ಇನ್ನೂ ಬೇಕಾಗಿದ್ದರು. ಪರೀಕ್ಷೆ ಆಯಿತು. ಜೀನು ಹೆಚ್ಚಿತ್ತು, ಔಷಧಿ ಹಿಡಿಯುವ ಸಂಭವವಿತ್ತು.

“ನಾನು ಬಡ್ಕೊಳ್ತಿರಲಿಲ್ವಾ, ಅವಳ ರಕ್ತಾನೇ ಬೇರೆ ಅಂತ,” ಎಂದಳು ಅತ್ತೆ. ಇದು ಹುಟ್ಟಿನಿಂದ ಬಂದದ್ದಲ್ಲ, ಗೆಡ್ಡೆಯೊಳಗೆ ಆಮೇಲೆ ಆದದ್ದು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದಳು. ಅತ್ತೆ ತಲೆಯಾಡಿಸಿದಳು, ಕಿವಿಗೆ ಹಾಕಿಕೊಳ್ಳಲಿಲ್ಲ.

ಔಷಧಿ ಏರಿಸುವ ದಿನ ಜೊತೆಗೆ ಸಂಬಂಧಿಕರೊಬ್ಬರು ಇರಲೇಬೇಕಿತ್ತು. ಅವಳೇ ಇಸ್ತ್ರಿ ಮಾಡಿಟ್ಟ ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಾ ಗಂಡ ಹೇಳಿದ: “ಎಲ್ಲರೆದುರು ಇವರವಳಲ್ಲ ಅಂದ್ಯಲ್ಲ. ನಿಮ್ಮವರನ್ನೇ ಕರೆಸ್ಕೋ.”

ಅಣ್ಣನಿಗೆ ಫೋನ್ ಮಾಡಿದಳು.

“ಕೊಟ್ಟು ಆಯ್ತಲ್ಲಮ್ಮ, ನೀನೀಗ ಅವರವಳು. ನಾನು ಬಂದು ಕೂತ್ರೆ ಭಾವನಿಗೆ ಅವಮಾನ ಆಗಲ್ವಾ?” ಎಂದ ಅಣ್ಣ, ಬಹಳ ಮೃದುವಾಗಿ.

ಒಬ್ಬಳೇ ಹೋದಳು. ನರ್ಸು ಬಾಟಲಿ ಹಿಡಿದು ಬಂದು ಕೇಳಿದಳು: “ನಿಮ್ಮವರು ಯಾರು ಬಂದಿದಾರೆ?”

ಲಾಂಡ್ರಿ ಅಕ್ಕ ಪಕ್ಕದ ಕುರ್ಚಿಯ ಅಪರಿಚಿತ ಹೆಂಗಸನ್ನು ನೋಡಿದಳು. ಆಕೆ ಮುಖ ತಿರುಗಿಸಿಕೊಂಡಳು.

“ನಿಮ್ಮವರು ಅಂತ ಯಾರಾದ್ರೂ ಸಿಕ್ಕಿದ್ಮೇಲೆ ಬನ್ನಿ,” ಎಂದು ನರ್ಸು ಬಾಟಲಿಯನ್ನು ವಾಪಸು ಒಯ್ದಳು.

ಮನೆಗೆ ಮರಳಿದಾಗ ಅತ್ತೆ ಬಾಗಿಲಲ್ಲೇ ಕಾದಿದ್ದಳು.

“ಬಂದ್ಯಾ? ಪಾಯಿಖಾನೆ ಹಾಗೇ ಬಿದ್ದಿದೆ ನೋಡು. ನಮ್ಮವರ್ಯಾರೂ ಮುಟ್ಟಿಲ್ಲ.”